ಮೊಳೆಯಲ್ಲಿ ಉಳಿದ ಬಿಲ್ಲೆ

ಸುರಂಗದ ಬಾಯಲ್ಲೊಂದು ಮರದ ಹಲಗೆ. ಒಳಹೋಗುವವರು ತಮ್ಮ ಹಿತ್ತಾಳೆ ಬಿಲ್ಲೆಯನ್ನು ಅದರ ಮೊಳೆಗೆ ತೂಗುಹಾಕಬೇಕು, ಹೊರಬಂದವರು ತೆಗೆದುಕೊಳ್ಳಬೇಕು. ಹಲಗೆ ಬರಿದಾಗುವವರೆಗೆ ಬಂಡೆ ಸಿಡಿಸುವಂತಿಲ್ಲ.

ಎಂಜಿನಿಯರಿಂಗ್ ಓದುತ್ತಿದ್ದ ಹುಡುಗಿಯ ತರಬೇತಿಗೆ ಅಂದು ಕೊನೆಯ ದಿನ. ಮುಖ್ಯ ಎಂಜಿನಿಯರರು ಮಾರ್ಗದರ್ಶಕರಾಗಲು ಒಪ್ಪದಿದ್ದರೆ ಅವಳ ಅಂತಿಮ ವರ್ಷದ ಓದು ನೀರುಪಾಲು. ಆದರೆ ಅವರನ್ನು ಕಂಡೊಡನೆ ಅವಳ ನಾಲಿಗೆ ಅಂಗುಳಕ್ಕೆ ಅಂಟುತ್ತಿತ್ತು.

“ಏನೇ, ಬಾಯಿಗೆ ಬೀಗ ಜಡ್ಕೊಂಡು ಬಂದಿದ್ದೀಯಾ?” ಸುರಂಗದೊಳಗೆ ಸಿಡಿಮದ್ದು ತುಂಬಿಸುತ್ತಿದ್ದ ಸೋದರಮಾವ ಛೇಡಿಸಿದ. ಆ ಪಾಳಿಯ ಮೇಸ್ತ್ರಿ ಅವನೇ. “ಬಾಯಿಪಾಠ ಮಾಡಿದ ಹೊಗಳಿಕೆಯೆಲ್ಲ ಬಿಡು ಪುಟ್ಟಿ. ನಿಜವಾಗ್ಲೂ ಗೊತ್ತಿಲ್ಲದ್ದು ಏನಿದೆಯೋ ಅದನ್ನ ಕೇಳು. ಅವರೇನು ನಿನ್ನ ನುಂಗ್ತಾರಾ?”

“ನುಂಗಿದ್ರೆ?”

“ನಾನು ಎಳ್ಕೊಂಡು ಬರ್ತೀನಿ, ಹೋಗೇ!”

ಹೊರಗೆ ಹೊರಟಿದ್ದ ಎಂಜಿನಿಯರರ ಬೆನ್ನಿಗೆ ಅವಳು ಓಡಿದಳು. “ಸರ್, ಆ ಬಿರುಕುಬಿಟ್ಟ ಚಾವಣಿ... ಬೀಳೋ ಮೊದಲು ಏನಾದ್ರೂ ಸೂಚನೆ ಕೊಡುತ್ತಾ?”

ಅವರು ಮೊದಲ ಬಾರಿಗೆ ಅವಳ ಮುಖ ನೋಡಿದರು. “ಬಾ, ನಡೀತಾ ಮಾತಾಡೋಣ.”

ಮಾತಿಗೆ ಮಾತು ಕೊಂಡಿಹಾಕಿಕೊಂಡಿತು. ಎಂಜಿನಿಯರರು ಅಭ್ಯಾಸಬಲದಿಂದ ತಮ್ಮ ಬಿಲ್ಲೆ ತೆಗೆದುಕೊಂಡರು. ಹಲಗೆ ದಾಟಿದ್ದೇ ಅವಳಿಗೆ ತಿಳಿಯಲಿಲ್ಲ. ಕಚೇರಿಯ ಶೆಡ್ಡಿನಲ್ಲಿ ಅವಳ ಕೈಗೂ ಚಹಾ ಲೋಟ ಬಂತು. ಹೆದರಿಕೆ ಎಲ್ಲಿ ಕಳಚಿಬಿತ್ತೋ!

“ಆ ಬಂಡೆ ಸೂಚನೆ ಗೀಚನೆ ಏನೂ ಕೊಡಲ್ಲ. ಅದಕ್ಕೇ ಈಗ ನಾವೇ ಸಿಡಿಸಿ ಬೀಳಿಸ್ತಿದ್ದೀವಿ. ಮುಂದಿನ ವಾರದಿಂದ ನನ್ನ ಹತ್ರ ಬಾ. ನಿನ್ನ ಕೆಲಸ ನಾನು ನೋಡ್ಕೋತೀನಿ.”

ಅವಳ ಕಾಲು ನೆಲದ ಮೇಲೆ ನಿಲ್ಲಲಿಲ್ಲ.

ಎಂಜಿನಿಯರರು ಕಿಟಕಿಯತ್ತ ತಿರುಗಿದರು. “ಸಿಡಿಸೋ ಹೊತ್ತಾಯ್ತು, ಇನ್ನೂ ಯಾಕೆ ಸೈರನ್ ಕೂಗಿಲ್ಲ?”

ಅವಳ ಕೈ ಜೇಬಿಗೆ ಹೋಯಿತು. ಜೇಬು ಬರಿದು.

ಲೋಟ ಎಸೆದು ಓಡಿದಳು. ಸುರಂಗದ ಬಾಯಲ್ಲಿ ನಿಂತಿದ್ದ ಕೂಲಿಯವನು ಅವಳನ್ನು ಕಂಡು ಬಿಳಿಚಿಕೊಂಡ. “ಅಯ್ಯೋ, ನೀನು ಹೊರಗೇ ಇದ್ದೀಯಾ? ನಿನ್ನ ಬಿಲ್ಲೆ ಹಾಗೇ ಇತ್ತಲ್ಲಮ್ಮಾ! ಮೇಸ್ತ್ರಿ ನಿನ್ನ ಹುಡುಕ್ಕೊಂಡು ಮತ್ತೆ ಒಳಗೆ ಹೋದ್ರು!”

ಹಲಗೆಯಲ್ಲಿ ಎರಡು ಬಿಲ್ಲೆಗಳಿದ್ದವು.

“ಮಾವಾ! ನಾನಿಲ್ಲಿದ್ದೀನಿ!”

ದೂರದ ಕತ್ತಲಲ್ಲಿ ದೀಪವೊಂದು ಅವಳತ್ತ ತಿರುಗಿತು. ಅಷ್ಟೇ. ಬಂಡೆ ಸೂಚನೆ ಕೊಡಲಿಲ್ಲ, ಚಾವಣಿ ಕುಸಿಯಿತು.

ಧೂಳಿನ ಅಲೆಯೊಂದು ಹೊರನುಗ್ಗಿ ಎಲ್ಲರನ್ನೂ ಮುಚ್ಚಿತು. ಅದು ತಿಳಿಯಾದಾಗ ಹುಡುಗಿ ತನ್ನ ಬಿಲ್ಲೆಯನ್ನು ತೆಗೆದಳು. ಪಕ್ಕದ ಮೊಳೆಯಲ್ಲಿ ಮಾವನದು ಇನ್ನೂ ಅಲುಗುತ್ತಿತ್ತು.

ಎಂಜಿನಿಯರರು ಓಡಿಬಂದು ಅವಳ ಹಿಂದೆ ನಿಂತರು. ಅವಳ ನಾಲಿಗೆ ಈ ಸಲ ಅಂಟಲಿಲ್ಲ.

“ಸರ್, ನನಗೆ ಗೊತ್ತಿಲ್ಲ. ಎಲ್ಲಿಂದ ಅಗೀಬೇಕು, ಹೇಳಿ.”