ತಟ್ಟೆಗೆ ಬೀಳುವ ಮುಂಚೆ

ಕೊಳಾಲದ ನಾಗಲಿಂಗಯ್ಯನವರಿಗೆ ಊಟವೇ ಕಸುಬು ಎಂದು ಅವರ ಹೆಂಡತಿ ಬಸವಮ್ಮ ನಗಾಡುತ್ತಿದ್ದರು. ಅದು ಪೂರ್ತಿ ಸುಳ್ಳೂ ಅಲ್ಲ. ಸುತ್ತಲ ಹಳ್ಳಿಗಳ ಒಕ್ಕಲು ಮನೆಗಳಿಗೆಲ್ಲ ಅವರೇ ಅಯ್ಯನವರು, ಜಂಗಮರು. ಮಗುವಿಗೆ ಲಿಂಗ ಕಟ್ಟುವುದಿರಲಿ, ಹೊಸ ಮನೆ ಹೊಗುವುದಿರಲಿ, ಹಿರಿಯರ ಹೆಸರಿನ ಪೂಜೆಯಿರಲಿ, ಇವರು ಹೋಗಿ ಪಾದಪೂಜೆ ಮಾಡಿಸಿಕೊಂಡು ಉಂಡೆದ್ದರೇನೇ ಆ ಮನೆಯವರಿಗೆ ಕಾರ್ಯ ಮುಗಿದ ಸಮಾಧಾನ. ಅಯ್ಯನವರು ಉಂಡಷ್ಟೂ ಉಣ್ಣಿಸಿದವರಿಗೆ ಪುಣ್ಯ. ಹಾಗಾಗಿ ಬಡಿಸುವ ಕೈಗಳು ಸೋತದ್ದೇ ಇಲ್ಲ. ಪಾಯಸ, ಹೋಳಿಗೆ, ಬೆಲ್ಲ ಹಾಕಿ ಕಿವುಚಿದ ಬಾಳೆಹಣ್ಣು. ಕೊರಟಗೆರೆಗೆ ಅಕ್ಕಿ ಗಿರಣಿ ಬಂದಮೇಲಂತೂ ಮಲ್ಲಿಗೆ ಮೊಗ್ಗಿನಂಥ ಬಿಳಿ ಅನ್ನ, ಅದರ ಮೇಲೆ ತುಪ್ಪ.

ಇಷ್ಟರ ಮೇಲೆ ಇನ್ನೊಂದು ಕಟ್ಟುಪಾಡಿತ್ತು. ಬಡಿಸಿದ್ದನ್ನು ಲಿಂಗಕ್ಕೆ ಅರ್ಪಿಸಿದ ಮೇಲೆ ಅದು ಪ್ರಸಾದ. ಪ್ರಸಾದದಲ್ಲಿ ಒಂದಗುಳನ್ನೂ ಬಿಡುವ ಹಾಗಿಲ್ಲ. ಉಂಡು, ತಟ್ಟೆಯನ್ನು ನೀರು ಹಾಕಿ ಬಳಿದು, ಆ ನೀರನ್ನೂ ಕುಡಿದೇ ಏಳಬೇಕು. ನಾಗಲಿಂಗಯ್ಯನವರು ಹುಟ್ಟಿದಾಗಿನಿಂದ ಅದನ್ನು ತಪ್ಪಿದವರಲ್ಲ.

ಅವರ ಸೊಸೆ ಸಿದ್ದಗಂಗಮ್ಮ ಕಳ್ಳಂಬೆಳ್ಳದ ಕಡೆಯವಳು. ನಾಲ್ಕನೇ ಕ್ಲಾಸಿಗೆ ಶಾಲೆ ಬಿಟ್ಟವಳು. ಮಾತು ಕಡಿಮೆ, ಕಣ್ಣು ಚುರುಕು. ಮಾವನ ಎದುರು ನಿಂತು ಮಾತಾಡುವ ಪದ್ಧತಿ ಆ ಮನೆಯಲ್ಲಿರಲಿಲ್ಲ. ಏನಾದರೂ ಹೇಳಲೇಬೇಕಾದರೆ ಒಳಗಿನಿಂದ ಮನೆಯ ಬೆಕ್ಕಿಗೆ, ಕೊತ್ತಿಗೆ, ಹೇಳುತ್ತಿದ್ದಳು, ಹಜಾರದಲ್ಲಿದ್ದ ಮಾವ ಕೇಳಿಸಿಕೊಳ್ಳುತ್ತಿದ್ದರು. "ಕೊತ್ತಿ, ಬಿಸಿನೀರು ಕಾದೈತೆ" ಅಂದರೆ ಮಾವ ಸ್ನಾನಕ್ಕೆ ಏಳುವರು.

ಆ ವರ್ಷ ಸುಗ್ಗಿ ಕಳೆದಮೇಲೆ ಅವಳು ಮೂರು ಸಂಗತಿ ಕಂಡಳು. ಮಾವನ ಹಾಸಿಗೆಯ ಪಕ್ಕ ಇಟ್ಟ ಚೆಂಬು ಬೆಳಗಾಗುವುದರೊಳಗೆ ಬರಿದಾಗುತ್ತಿತ್ತು. ಬಚ್ಚಲ ಕಲ್ಲಿನ ಸುತ್ತ ಇರುವೆ ಸಾಲು ಹಿಡಿಯುತ್ತಿತ್ತು. ಜಾಲಿಮುಳ್ಳು ಚುಚ್ಚಿದ ಅವರ ಹೆಬ್ಬೆರಳ ಗಾಯ ಎಷ್ಟು ಅರಿಸಿನ ಕಟ್ಟಿದರೂ ಮಾಯುತ್ತಿರಲಿಲ್ಲ. ಒಂದೊಂದನ್ನೇ ನೋಡಿದರೆ ಏನೂ ಅಲ್ಲ. ಆದರೆ ಮಾವನ ಅಣ್ಣ ವೀರಭದ್ರಯ್ಯನವರಿಗೂ ಹೀಗೇ ಶುರುವಾಗಿತ್ತೆಂದು ಅತ್ತೆ ಹಿಂದೊಮ್ಮೆ ಹೇಳಿದ್ದರು. ಅವರದ್ದೂ ಕಾಲಿನ ಗಾಯವೇ. ಕೊನೆಗೆ ತುಮಕೂರಿನಲ್ಲಿ ಮೊಣಕಾಲವರೆಗೆ ಕತ್ತರಿಸಿದರು. ಅದಾದಮೇಲೆ ಅವರು ಹೆಚ್ಚು ಕಾಲ ಉಳಿಯಲಿಲ್ಲ.

ಅವಳು ಗಂಡ ಬಸವಲಿಂಗಯ್ಯನಿಗೆ ಹೇಳಿದಳು. ಅವನು ಅಪ್ಪನನ್ನು ಒಪ್ಪಿಸಿ ಮಧುಗಿರಿಯ ಡಾಕ್ಟರ ಹತ್ತಿರ ಹೊರಡಿಸಿದ. ಬಸವಮ್ಮನವರಿಗೆ ಬಸ್ಸು ಹತ್ತಿದರೆ ವಾಂತಿ. ಆದ್ದರಿಂದ ಬುತ್ತಿ ಹಿಡಿದು ಸೊಸೆಯೇ ಅಪ್ಪ ಮಗನ ಜೊತೆಗೆ ಹೋದಳು.

ಡಾಕ್ಟರು ನೀಲಿ ಔಷಧಿಯ ಗಾಜಿನ ಕೊಳವೆಗೆ ಮೂತ್ರದ ಹನಿ ಬಿಟ್ಟು ದೀಪದ ಮೇಲೆ ಕಾಯಿಸಿದರು. ನೀಲಿ ಹಸಿರಾಯಿತು, ಹಳದಿಯಾಯಿತು, ಸುಟ್ಟ ಇಟ್ಟಿಗೆಯ ಕೆಂಪಿಗೆ ಬಂದು ನಿಂತಿತು. ರಕ್ತವನ್ನೂ ತೆಗೆದುಕೊಂಡು ಪರೀಕ್ಷೆಗೆ ಕೊಟ್ಟರು. ಮಧ್ಯಾಹ್ನ ಕರೆದು ಕೂರಿಸಿ ಹೇಳಿದರು:

"ನೋಡಿ ಅಯ್ಯನವರೇ, ಇದು ಮಧುಮೇಹ. ಉಂಡದ್ದು ಹೊಟ್ಟೆಯಲ್ಲೇ ಮುಗಿದುಹೋಗೋದಿಲ್ಲ, ರಕ್ತಕ್ಕೆ ಇಳಿಯುತ್ತೆ. ನಿಮ್ಮ ರಕ್ತದಲ್ಲಿ ಸಕ್ಕರೆ ಖರ್ಚಾಗದೆ ನಿಂತಿದೆ. ಇವತ್ತು ನಿಮಗೆ ನೋವಿಲ್ಲ. ಆದರೆ ವರ್ಷಗಟ್ಟಲೆ ಹೀಗೇ ಇದ್ದರೆ ಕಣ್ಣು, ಕಾಲು, ಎದೆ, ಎಲ್ಲಕ್ಕೂ ಏಟು. ಗುಳಿಗೆ ಕೊಡ್ತೀನಿ, ಗಾಯಕ್ಕೆ ಪಟ್ಟಿ ಕಟ್ತೀನಿ. ಸಕ್ಕರೆ ಮಾತ್ರ ಮುಟ್ಟಬೇಡಿ."

"ಮಧುಗಿರಿಗೆ ಬಂದು ಮಧುಮೇಹ ಕಟ್ಟಿಸ್ಕಂಡು ಹೋಗೋ ಅಂಗಾಯ್ತಲ್ಲಪ್ಪ!" ಎಂದರು ನಾಗಲಿಂಗಯ್ಯನವರು. ಡಾಕ್ಟರೂ ನಕ್ಕರು. ಬಸ್ಸಿನಲ್ಲಿ ಬರುವಾಗ ಮಾವ ಗೆಲುವಾಗಿಯೇ ಇದ್ದರು. "ಸಕ್ಕರೆ ತಾನೆ? ಬುಟ್ಟೆ ಹೋಗು. ನಮ್ಮೂರಾಗೆ ಅದನ್ನ ತಿನ್ನೋರಾದ್ರೂ ಯಾರವ್ರೆ?"

ನಿಜವೇ. ಆ ಕಡೆ ಸಕ್ಕರೆ ಎಂದರೆ ಪೇಟೆಯ ಹೋಟೆಲಿನ ಬಿಳಿ ಹರಳು, ಸಂಕ್ರಾಂತಿಯ ಅಚ್ಚು, ಅಷ್ಟೆ. ಮನೆಗಳಲ್ಲಿ ಇದ್ದದ್ದು ಬೆಲ್ಲ. ಬೆಲ್ಲ ತಂಪು, ಬೆಲ್ಲ ಮದ್ದು, ಬಿಸಿಲಲ್ಲಿ ಬಂದವರಿಗೆ ನೀರಿನ ಜೊತೆ ಕೊಡುವುದು ಬೆಲ್ಲ. ಅಯ್ಯನವರು ಸಕ್ಕರೆ ಬಿಟ್ಟ ಸುದ್ದಿ ಹಬ್ಬಿತು. ಹೋದ ಮನೆಯಲ್ಲೆಲ್ಲ "ಪಾಪ, ಅಯ್ನೋರು ಸಕ್ಕರೆ ಮುಟ್ಟಲ್ವಂತೆ, ಒಂದಚ್ಚು ಬೆಲ್ಲ ಜಾಸ್ತಿನೇ ಹಾಕ್ರಮ್ಮ" ಎಂದು ಪಾಯಸ ಕಾಯಿಸಿದರು.

ಮುಂದಿನ ತಿಂಗಳು ಮೂವರೂ ಹೋದಾಗ ಕೊಳವೆ ಮತ್ತೆ ಇಟ್ಟಿಗೆ ಕೆಂಪಾಯಿತು. ಗಾಯ ಇದ್ದ ಹಾಗೇ ಇತ್ತು. ಡಾಕ್ಟರು ಹುಬ್ಬು ಗಂಟಿಕ್ಕಿದರು.

"ನೀವು ಸಕ್ಕರೆ ಬಿಟ್ಟಿಲ್ಲ."

"ಲಿಂಗದಾಣೆ ಸ್ವಾಮಿ, ಒಂದು ಹರಳೂ ಮುಟ್ಟಿಲ್ಲ!"

ಸಿದ್ದಗಂಗಮ್ಮ ಬಾಗಿಲ ಮರೆಯಲ್ಲಿ ನಿಂತಿದ್ದಳು. ಗಂಡನ ತೋಳು ತಿವಿದು, "ಬೆಲ್ಲದ ಇಚಾರ ಕೇಳಿ" ಎಂದು ಪಿಸುಗುಟ್ಟಿದಳು. ಅವನು ಕೇಳುವ ಮೊದಲೇ ಡಾಕ್ಟರು ತಲೆಯೆತ್ತಿದರು. "ಏನಮ್ಮ ಅದು? ಇಲ್ಲೇ ಹೇಳಿ."

ಅವಳು ಸೆರಗಿನ ತುದಿ ಹಿಡಿದುಕೊಂಡು ನೆಲಕ್ಕೆ ಹೇಳಿದಳು: "ಬೆಲ್ಲ ತಿನ್ನಬೌದಾ ಅಂತ."

ಡಾಕ್ಟರು ಹಣೆ ಚಚ್ಚಿಕೊಂಡರು. "ಅಯ್ಯೋ ಶಿವನೆ, ಇದು ನಾನು ಹೇಳಬೇಕಾಗಿದ್ದ ಮಾತು! ಅಯ್ಯನವರೇ, ಸಕ್ಕರೆ ಬೆಲ್ಲ ಎರಡೂ ಒಂದೇ ಕಬ್ಬಿನ ಮಕ್ಕಳು. ಒಂದು ಬಿಳಿದು, ಒಂದು ಕೆಂಪಗಿದೆ. ರಕ್ತಕ್ಕೆ ಬಣ್ಣ ಕಾಣೋದಿಲ್ಲ. ಅದು ಬಿಡಿ, ನೀವು ಉಣ್ಣೋ ಆ ಅನ್ನದ ರಾಶಿಯೂ ಒಳಗೆ ಹೋಗಿ ಸಕ್ಕರೆಯೇ ಆಗೋದು. ಅನ್ನ ಒಂದು ಹಿಡಿ ಸಾಕು. ಒಂದು ಮುದ್ದೆ, ಸೊಪ್ಪು, ಕಾಳು, ಮಜ್ಜಿಗೆ. ಗಾಯ ಮಾಯಿತು ಅಂದಮೇಲೆ ನಡೀರಿ, ಗಾಡಿ ಬೇಡ. ಈಗ ಸರಿಮಾಡಿಕೊಂಡರೆ ಕಾಲು ಉಳಿಯುತ್ತೆ."

ಈ ಸಲ ಬಸ್ಸಿನಲ್ಲಿ ಮಾವ ಕಿಟಕಿಯಾಚೆಗೆ ಮುಖ ಮಾಡಿ ಕೂತರು.

ಮನೆಗೆ ಬಂದಮೇಲೆ ಬಸವಮ್ಮನವರು ಕಣ್ಣೊರೆಸಿಕೊಂಡು, "ಇನ್ಮೇಲೆ ಯಾರ ಮನೆ ಊಟಕ್ಕೂ ಹೋಗಬ್ಯಾಡಿ" ಎಂದರು.

"ಉಣ್ಣಕ್ಕೆ ಹೋಗ್ದಿದ್ರೆ ನಾನೆಂಗೆ ಅಯ್ಯ ಆಯ್ತೀನೆ?"

"ಕಾಯಿಲೆ ಐತೆ ಅನ್ನಿ. ಅದ್ರಾಗೇನು ನಾಚ್ಕೆ?"

"ಒಂದಿನ ಕೇಳ್ತಾರೆ. ಮಾರ್ನೆ ದಿನ 'ಒಂಚೂರು ತಕ್ಕಳಿ, ಏನಾಗಲ್ಲ' ಅಂತ ಸೌಟು ತತ್ತಾರೆ. ಬ್ಯಾಡ ಅಂದ್ರೆ 'ನಮ್ಮನೆ ಪಾಯಸ ಏನು ಪಾಪ ಮಾಡಿತ್ತು' ಅಂತ ಅಳ್ತಾರೆ. ತಟ್ಟೆಗೆ ಬಿದ್ಮೇಲೆ ಬುಡಾಕಾಯ್ತದಾ? ಪ್ರಸಾದ ಕಣೇ ಅದು!"

ಅವರು ಕಟ್ಟು ಹಾಕಿದ ಕಾಲನ್ನು ಮುಂದೆ ಚಾಚಿಕೊಂಡು ಕೂತರು. ಅಣ್ಣನ ಕಾಲನ್ನು ಅವರೇ ದಿನಾ ತೊಳೆದಿದ್ದರು. ಅದು ಅವರ ಮುಖದಲ್ಲಿ ಕಾಣುತ್ತಿತ್ತು.

ಒಳಗೆ ಕೊತ್ತಿ ಒಲೆಯ ಬದಿ ಮಲಗಿತ್ತು. ಸಿದ್ದಗಂಗಮ್ಮ ಸೊಪ್ಪು ಸೋಸುತ್ತ, ಎಂದಿಗಿಂತ ಸ್ವಲ್ಪ ದೊಡ್ಡ ದನಿಯಲ್ಲಿ ಅದಕ್ಕೆ ಹೇಳತೊಡಗಿದಳು.

"ಏನೇ ಕೊತ್ತಿ, ತಟ್ಟೆಗೆ ಬಿದ್ದು ಲಿಂಗಕ್ಕೆ ತೋರಿಸಿದ್ಮೇಲೆ ತಾನೆ ಪ್ರಸಾದ? ಬೀಳಾಕೆ ಮುಂಚೆ ಬರೀ ಪದಾರ್ಥ ಅಲ್ವೇನೆ? ನಮ್ಮಜ್ಜಿ ಶ್ರೀಶೈಲಕ್ಕೋಗಿ, ಇನ್ಮೇಲೆ ತಿನ್ನಲ್ಲ ಅಂತ ಕುಂಬಳಕಾಯಿ ಬುಟ್ಟು ಬಂದ್ಲು. ಅಜ್ಜಿಗೆ ಅದಂದ್ರೆ ಪಿರಾಣ. ಆದ್ರೂ ಸಾಯೋಗಂಟ ಒಬ್ರೂ ಅವಳ ತಟ್ಟೆಗೆ ಕುಂಬಳಕಾಯಿ ಹಾಕ್ಲಿಲ್ಲ. 'ಒಂಚೂರು ತಿನ್ನು' ಅನ್ನೋ ಧೈರ್ಯ ಯಾರ್ಗೂ ಇರ್ಲಿಲ್ಲ. ಕಾಯಿಲೆ ಅಂದ್ರೆ ಜನ ಬಲವಂತ ಮಾಡ್ತಾರೆ. ನೇಮ ಅಂದ್ರೆ ಕೈಮುಗೀತಾರೆ."

ಹಜಾರದಿಂದ ಮಾವನ ದನಿ ಕೇಳಿತು. ಅವರೂ ಕೊತ್ತಿಗೇ ಹೇಳಿದರು.

"ಲೇ ಕೊತ್ತಿ, ಜನರನ್ನ ಯಾಮಾರಿಸಾಕೆ ಸುಳ್ಳು ನೇಮ ಇಡ್ಕಂಡ್ರೆ ಪಾಪ ಬತ್ತದೆ ಅಂತ ನಿಮ್ಮಮ್ಮಂಗೆ ಹೇಳು."

"ಸುಳ್ಳು ಯಾಕಾಗ್ಬೇಕೇ ಕೊತ್ತಿ? ಇಡ್ಕಂಡ್ರೆ ನಿಜವಾಗ್ಲೂ ಇಡ್ಕಳ್ಳೋದು."

ನಾಗಲಿಂಗಯ್ಯನವರಿಗೆ ತಟ್ಟಿದ್ದು ಈ ಮಾತೇ. ಡಾಕ್ಟರ ಮಾತಾದರೆ ಒಂದು ದಿನ ಮೀರಬಹುದು, ಇನ್ನೊಂದು ದಿನ ಸರಿಮಾಡಿಕೊಳ್ಳಬಹುದು. ನೇಮಕ್ಕೆ ಹಿಂದಿನ ಬಾಗಿಲಿಲ್ಲ. ಎರಡು ದಿನ ಅವರು ಮಂಕಾಗಿದ್ದರು. ಮೂರನೆಯ ದಿನ ಬಸವಮ್ಮನವರಿಗೆ ಮನಸ್ಸು ತಡೆಯದೆ, "ಬುಡೋಕ್ಮುಂಚೆ ಒಂದು ಹೋಳಿಗೆ ಹಾಕ್ಕೊಡ್ಲಾ? ಕೊನೇದು" ಎಂದು ಕೇಳಿದರು.

"ಕೊನೇದು ಅಂತ ಶುರುಮಾಡಿದ್ರೆ ಅದುಕ್ಕೆ ಕೊನೇನೇ ಇರಲ್ಲ ಕಣೇ," ಎಂದರು ಮಾವ. ಸ್ನಾನ ಮಾಡಿ ಬಂದು, ಅಂಗೈ ಮೇಲೆ ಲಿಂಗವಿಟ್ಟುಕೊಂಡು ಬಹಳ ಹೊತ್ತು ಕೂತರು. ಎದ್ದಾಗ ಹೆಂಡತಿಗೆ ಇಷ್ಟೇ ಹೇಳಿದರು: "ಬುಟ್ಟೆ. ಸಿಹಿ ಅನ್ನೋದೆಲ್ಲ ಬುಟ್ಟೆ. ಅನ್ನ ಒಂದಿಡಿ. ಇರೋಗಂಟ."

ಮೊದಲ ಪರೀಕ್ಷೆ ಬಂದದ್ದು ಪಕ್ಕದ ಹಳ್ಳಿಯ ಕರಿಬಸಮ್ಮನ ಹೊಸಮನೆಯಲ್ಲಿ. ಕರಿಬಸಮ್ಮ ಎಂದರೆ ಬಡಿಸುವುದರಲ್ಲಿ ಎತ್ತಿದ ಕೈ. ಬೇಡ ಎಂದವರಿಗೆ ಎರಡು ಪಾಲು ಹಾಕುವಾಕೆ. ಸಿದ್ದಗಂಗಮ್ಮನೂ ಅತ್ತೆಯ ಜೊತೆ ಹೋಗಿದ್ದಳು. ಪಾದಪೂಜೆ ಮುಗಿದು ಮಾವ ತಟ್ಟೆಯ ಮುಂದೆ ಕೂತರು. ಅಡುಗೆಮನೆಯಿಂದ ಏಲಕ್ಕಿಯ ಘಮ ಬಂತು. ಕರಿಬಸಮ್ಮ ಪಾಯಸದ ಪಾತ್ರೆ ಹೊತ್ತು ಬಂದು ಸೌಟು ಅದ್ದಿದಳು. ಕಂಬದ ಪಕ್ಕ ನಿಂತ ಸಿದ್ದಗಂಗಮ್ಮ ಮಾವನನ್ನೇ ನೋಡುತ್ತಿದ್ದಳು. ಮಾವನ ಕಣ್ಣು ಸೌಟಿನ ಮೇಲೆಯೇ ಇತ್ತು. ಸೌಟು ಬಗ್ಗುವ ಹೊತ್ತಿಗೆ ಅವರು ತಟ್ಟೆಯ ಮೇಲೆ ಅಂಗೈ ಅಡ್ಡ ಹಿಡಿದರು.

"ನೇಮ ಐತೆ ಕಣಮ್ಮ. ಸಿಹಿ ಬುಟ್ಟಿದೀನಿ."

ಸೌಟು ಗಾಳಿಯಲ್ಲೇ ನಿಂತಿತು. ಪಂಕ್ತಿಯಲ್ಲಿ ಕೂತವರೆಲ್ಲ ತಿರುಗಿ ನೋಡಿದರು. ಕರಿಬಸಮ್ಮ ಪಾತ್ರೆಯನ್ನು ಕೆಳಗಿಟ್ಟು ಎರಡೂ ಕೈ ಮುಗಿದಳು.

"ಎಂಥಾ ಕಠಿಣದ ನೇಮ ಅಯ್ನೋರೆ! ನಮ್ಮ ಕೈಲಾಗ್ತದಾ ಇದು? ಯಾವ ದ್ಯಾವ್ರಿಗೆ?"

"ಒಳಗಿರೋನಿಗೆ."

"ಅನ್ನಾನಾದ್ರೂ ಒಂದಿಷ್ಟು..."

"ಅದೂ ಒಂದಿಡಿ ಸಾಕು."

"ಹಂಗಾದ್ರೆ ನಿಮಗೇನಿಕ್ಲಿ? ಹಿತ್ಲಾಗೆ ಆಳುಗಳಿಗೆ ಅಂತ ಮುದ್ದೆ, ಸೊಪ್ಪಿನ ಸಾರು ಮಾಡ್ಸಿದೀನಿ. ಅಯ್ನೋರ ತಟ್ಟೆಗೆ ಮುದ್ದೆ ಹೆಂಗಾಕಾದು? ಜನ ನನ್ನ ಮಕಕ್ಕೆ ಉಗೀತಾರೆ!"

"ಉಗುದ್ರೆ ನಂಗೇಳು. ತಕ್ಕಂಬಾ."

ಮುದ್ದೆ ಬಂತು. ಹೊಗೆಯಾಡುವ ಮುದ್ದೆ, ಮೇಲೆ ಅಣ್ಣೆಸೊಪ್ಪಿನ ಸಾರು, ಪಕ್ಕಕ್ಕೆ ಹೆಸರುಕಾಳು. ಲಿಂಗಕ್ಕೆ ತೋರಿಸಿ, ಒಂದು ತುತ್ತು ಮುರಿದು ಸಾರಿನಲ್ಲಿ ಹೊರಳಿಸಿ ನುಂಗಿದ ನಾಗಲಿಂಗಯ್ಯನವರು ಕಣ್ಣು ಮುಚ್ಚಿಕೊಂಡರು. "ಹಬ್ಬದ ಮನೇಲಿ ಮುದ್ದೆ ಉಂಡು ಯಾವ ಕಾಲ ಆಯ್ತೋ! ಅಯ್ಯ ಆದ್ಮೇಲೆ ಯಾರೂ ಇಕ್ಲೇ ಇಲ್ಲ," ಎಂದರು. ಪಂಕ್ತಿಯ ಕೊನೆಯಲ್ಲಿದ್ದ ಯಾರೋ ಮುದುಕರು, "ಕರಿಬಸಿ, ಅಂಗೇ ನಂಗೂ ಒಂದು ಮುದ್ದೆ ತಾರವ್ವ" ಎಂದು ಕೂಗಿದರು. ಎಲ್ಲರೂ ನಕ್ಕರು.

ಅಲ್ಲಿಂದಾಚೆಗೆ ಅಯ್ಯನವರ ನೇಮ ಊರೂರಿಗೆ ಗೊತ್ತಾಯಿತು. ಮೊದಲು ಪಾಯಸದಲ್ಲಿ ಪೈಪೋಟಿ ಮಾಡುತ್ತಿದ್ದ ಹೆಂಗಸರು ಈಗ ಸೊಪ್ಪಿನಲ್ಲಿ ಮಾಡಿದರು. ಒಬ್ಬಳು ಬಸಳೆ ಹುಡುಕಿದರೆ ಇನ್ನೊಬ್ಬಳು ಹೊಲವೆಲ್ಲ ಅಲೆದು ಗೋಣಿಸೊಪ್ಪು ಕಿತ್ತು ತಂದಳು. ಗಾಯ ನಿಧಾನವಾಗಿ ಒಣಗಿ, ಹೊಸ ತೊಗಲು ಬಂತು. ಆಮೇಲೆ ಮಾವ ಗಾಡಿ ಬಿಟ್ಟು ನಡೆದೇ ಹೋಗತೊಡಗಿದರು. ಮೆಟ್ಟು ಹಾಕಿಕೊಂಡೇ ಹೊರಡಬೇಕೆಂದು ಡಾಕ್ಟರು ಹೇಳಿದ್ದನ್ನು ಬಸವಮ್ಮನವರು ದಿನಾ ಬಾಗಿಲಲ್ಲಿ ನೆನಪಿಸುತ್ತಿದ್ದರು.

ಮಳೆಗಾಲ ಹಿಡಿಯುವ ಹೊತ್ತಿಗೆ ಮತ್ತೆ ಮಧುಗಿರಿಗೆ ಹೋದರು. ಈ ಸಲ ಕೊಳವೆ ತಿಳಿಹಸಿರಿಗೆ ನಿಂತಿತು. ರಕ್ತದ ಲೆಕ್ಕವೂ ಇಳಿದಿತ್ತು.

"ಹೋಯ್ತು ಅಂತ ತಿಳೀಬೇಡಿ, ಹದಕ್ಕೆ ಬಂದಿದೆ ಅಷ್ಟೆ," ಎಂದರು ಡಾಕ್ಟರು. "ಗುಳಿಗೆ ನಡೀಲಿ. ಪಥ್ಯ ಬಿಟ್ಟರೆ ಮತ್ತೆ ಏರುತ್ತೆ."

"ಬುಡಾಕೆ ಬರಲ್ಲ ಸ್ವಾಮಿ, ನೇಮ."

"ನಿಮ್ಮ ಕಾಲು ನಿಮ್ಮದೇ ಇನ್ನು," ಎಂದು ಡಾಕ್ಟರು ನಕ್ಕು, ಬಸವಲಿಂಗಯ್ಯನ ಕಡೆ ತಿರುಗಿದರು. "ನೀನೂ ಈಗಿನಿಂದಲೇ ಹುಷಾರಾಗಿರಪ್ಪ. ಇದು ಮನೆತನ ಹಿಡಿದು ಬರೋದುಂಟು." ಅಂದಿನಿಂದ ಸಿದ್ದಗಂಗಮ್ಮ ಗಂಡನ ತಟ್ಟೆಗೂ ಅನ್ನ ಕಡಿಮೆ ಹಾಕಿದಳು. ಅವನು ಗೊಣಗಿದ. ಅವಳಿಗೆ ಕೇಳಿಸಲಿಲ್ಲ.

ಗೌರಿಹಬ್ಬ ಹತ್ತಿರವಿದ್ದಾಗ ಮೂಡಲಗಿರಿಯಪ್ಪ ಬಂದ. ದೊಡ್ಡ ಹಿಡುವಳಿಯ ಮನುಷ್ಯ, ಮೀಸೆಯ ಗತ್ತಿನವನು. ಅವತ್ತು ಮಾತ್ರ ಜಗಲಿಯ ತುದಿಯಲ್ಲಿ ಮುದುರಿ ಕೂತ. ನೀರು ಕೇಳಿದ, ಕುಡಿದ, ಮತ್ತೆ ಕೇಳಿದ. ಒಳಗಿನಿಂದ ಚೆಂಬು ತಂದಿಟ್ಟ ಸಿದ್ದಗಂಗಮ್ಮ ಅವನ ಸಡಿಲವಾದ ಅಂಗಿಯನ್ನು ನೋಡಿ, ಅತ್ತೆಯ ಮುಖ ನೋಡಿದಳು.

"ಅಯ್ನೋರೆ," ಎಂದ ಅವನು ಮೆಲ್ಲಗೆ, "ನಿಮ್ಮ ಆ ನೇಮ ನಂಗೂ ಕೊಟ್ಬುಡಿ. ಯಾಕೋ ಮೈ ಇಳ್ದೋಗ್ತೈತೆ. ಬಾಯಾರ್ಕೆ ಅಂದ್ರೆ ಬಾಯಾರ್ಕೆ. ಆಸ್ಪತ್ರೆ ಗೀಸ್ಪತ್ರೆ ನಂಗಾಗಲ್ಲ. ಸೂಜಿ ಅಂದ್ರೆ ಜೀವ ಹೋಯ್ತದೆ."

ನಾಗಲಿಂಗಯ್ಯನವರು ಅವನ ಕಡೆ ತಿರುಗಿ ಕೂತರು. "ಗೂಳಿ ಮೂಗುದಾರ ಎಳೆಯೋನಿಗೆ ಸೂಜಿ ಭಯವಾ? ನೇಮ ಕೊಡೋನು ನಾನು ಕಣಯ್ಯ. ಏನು ಬುಡ್ಬೇಕು ಅಂತ ಹೇಳೋರು ಮಧುಗಿರಿ ಡಾಕ್ಟ್ರು. ಮೊದ್ಲು ಹೋಗಿ ರಕ್ತ ಕೊಟ್ಟು ಬಾ."

"ಹಬ್ಬ ಕಳೀಲಿ, ಹೋಗ್ತೀನಿ."

"ಹಬ್ಬ ಕಳುದ್ರೆ ಮುಂದಿನ್ವರ್ಸ ಬತ್ತದೆ. ಕಾಲು ಕಳುದ್ರೆ ಬತ್ತದೇನೋ? ನಮ್ಮಣ್ಣಂಗೆ ಹೇಳೋರು ಯಾರೂ ಇರ್ಲಿಲ್ಲ. ನಿಂಗೆ ನಾನಿದೀನಿ."

ಮೂಡಲಗಿರಿಯಪ್ಪ ಮೀಸೆ ತಿರುವಿಕೊಂಡು ಎದ್ದು ಹೋದ. ಅವನು ಹೋಗುವುದಿಲ್ಲವೆಂದೇ ಬಸವಮ್ಮನವರು ಅಂದುಕೊಂಡರು.

ಮಾರನೆಯ ಬೆಳಗ್ಗೆ ಸಿದ್ದಗಂಗಮ್ಮ ಬಾಗಿಲಿಗೆ ನೀರು ಹಾಕಿ ರಂಗೋಲಿ ಎಳೆಯುತ್ತಿದ್ದಳು. ಬೀದಿಯ ಕೊನೆಯಲ್ಲಿ, ಬಸ್ಸು ನಿಲ್ಲುವ ಹುಣಸೆಮರದ ಕೆಳಗೆ, ತೊಳೆದ ಪಂಚೆಯುಟ್ಟ ಮೂಡಲಗಿರಿಯಪ್ಪ ನಿಂತಿದ್ದ. ಪಕ್ಕದಲ್ಲಿ ಅವನ ಹೆಂಡತಿ ಬುತ್ತಿಗಂಟು ಹಿಡಿದುಕೊಂಡು, ಎಲ್ಲಿ ಓಡಿಹೋದಾನೋ ಎಂಬಂತೆ ಅವನ ಹೆಗಲ ಮೇಲಿನ ಟವೆಲ್ಲಿನ ತುದಿಯನ್ನು ಇನ್ನೊಂದು ಕೈಯಲ್ಲಿ ಬಿಗಿಯಾಗಿ ಹಿಡಿದಿದ್ದಳು.