ಹಸಿರು ಮಸಿಯಿಲ್ಲದ ಹಾಳೆ

ಜೂನ್ ತಿಂಗಳ ಮೊದಲ ಬುಧವಾರ ತಾಳೆ ನೋಡಲು ಮಿಸೆಸ್ ಲ್ಯಾಟಿಮರ್ ಬರುತ್ತಾರೆಂದು ತಿಳಿದಾಗಿನಿಂದ ರೊವೀನಾ ಥ್ಯಾಕ್ರೆಗೆ ಊಟ ಸರಿಯಾಗಿ ಸೇರಲಿಲ್ಲ. ಯಾರ್ಕ್‌ಶೈರಿನ ಗುಡ್ಡಗಳ ನಡುವಿನ ಆ ಹಳೇ ಗಿರಣಿ ಊರಿನ ಪ್ರಾಥಮಿಕ ಶಾಲೆಯಲ್ಲಿ ಕೊನೆಯ ತರಗತಿಯ ಮೇಡಂ ಅವಳು. ಕೆಲಸಕ್ಕೆ ಸೇರಿ ಎರಡನೇ ವರ್ಷ. ಗಣಿತಕ್ಕೂ ಓದಿಗೂ ಮಕ್ಕಳು ಪರೀಕ್ಷೆ ಬರೆದರೆ ಮುಗಿಯಿತು, ಬರವಣಿಗೆ ಹಾಗಲ್ಲ. ವರ್ಷವಿಡೀ ಬರೆದದ್ದನ್ನು ಮುಂದಿಟ್ಟುಕೊಂಡು, ಈ ಮಗು ಮಟ್ಟ ಮುಟ್ಟಿದೆ, ಈ ಮಗು ಇನ್ನೂ ಮುಟ್ಟಿಲ್ಲ ಎಂದು ಮೇಡಮ್ಮೇ ತೀರ್ಮಾನಿಸಬೇಕು. ಆ ತೀರ್ಮಾನ ಸರಿಯೋ ಎಂದು ಮಿಸೆಸ್ ಲ್ಯಾಟಿಮರ್ ಅವರಂಥ ಹೊರಗಿನವರು ಬಂದು ತಾಳೆ ನೋಡುತ್ತಾರೆ.

ಮೂವತ್ತು ಮಕ್ಕಳಲ್ಲಿ ಅವಳಿಗೆ ಚಿಂತೆಯಿದ್ದದ್ದು ವರ್ಷದ ಮೊದಲಿಗೆ ಬರವಣಿಗೆಯಲ್ಲಿ ಹಿಂದಿದ್ದ ಕೆಝಿಯಾ ಸಗ್ಡೆನ್ ಒಬ್ಬಳದೇ. ಸೆಪ್ಟೆಂಬರಿನಲ್ಲಿ ಮಕ್ಕಳೆಲ್ಲ ದೊಡ್ಡ ಶಾಲೆಗೆ ಹೋಗುತ್ತಾರೆ. ಮಟ್ಟ ಮುಟ್ಟದವರಿಗೆ ಅಲ್ಲಿ ಇಂಗ್ಲಿಷಿನ ಹೆಚ್ಚುವರಿ ಪಾಠ. ಅದನ್ನು ಇಡುವುದು ಸಂಜೆ, ಸರಿಯಾಗಿ ಊರ ಬ್ಯಾಂಡಿನ ಅಭ್ಯಾಸದ ಹೊತ್ತಿಗೆ. ಕೆಝಿಯಾ ಅಲ್ಲಿ ಕಾರ್ನೆಟ್ ಎಂಬ ಪುಟ್ಟ ಹಿತ್ತಾಳೆ ತುತ್ತೂರಿ ಊದುವ ಹುಡುಗಿ. ಅಜ್ಜ ಈಗಲೂ ಊದುತ್ತಾರೆ, ಅಮ್ಮ ಊದುತ್ತಿದ್ದರು, ಇವಳು ಹಾಲುಹಲ್ಲು ಬಿದ್ದ ಮೇಲೆ ಶುರುಮಾಡಿದವಳು. ಬ್ಯಾಂಡ್ ತಪ್ಪಿದರೆ ತಾನು ದೊಡ್ಡ ಶಾಲೆಗೇ ಹೋಗುವುದಿಲ್ಲವೆಂದು ಆಟದ ಬಯಲಲ್ಲಿ ಎಲ್ಲರಿಗೂ ಸಾರಿದ್ದಳು.

ಆದರೆ ಈಗ ಪುಸ್ತಕ ತೆರೆದು ನೋಡಿದರೆ ಕೆಝಿಯಾಳ ಬರವಣಿಗೆ ಚೆನ್ನಾಗಿಯೇ ಇತ್ತು. ಅದಕ್ಕೆ ರೊವೀನಾ ಪಟ್ಟ ಪಾಡು ಅಷ್ಟಿಷ್ಟಲ್ಲ. ತರಗತಿಯ ಎದುರು ಗಟ್ಟಿಯಾಗಿ ಮಾತಾಡಲು ಈಗಲೂ ಹಿಂಜರಿಯುವ ಅವಳು, ಹೇಳಬೇಕಾದದ್ದನ್ನೆಲ್ಲ ಮಕ್ಕಳ ಪುಸ್ತಕದಲ್ಲಿ ಹಸಿರು ಮಸಿಯಲ್ಲಿ ಬರೆಯುತ್ತಿದ್ದಳು. ‘ಇಲ್ಲಿ ನಿನಗೆ ಹೇಗನ್ನಿಸಿತು ಬರೆ. ಎದೆ ಡೋಲಿನಂತೆ ಬಡಿಯಿತೆ?’ ‘ಬಾಗಿಲು ಹೇಗೆ ಸದ್ದು ಮಾಡಿತು?’ ಮಕ್ಕಳು ಅದನ್ನು ಓದಿ ತಿದ್ದಿ ಬರೆಯುವರು. ಅವಳು ಮತ್ತೆ ಬರೆಯುವಳು. ಮಾತಿನಲ್ಲಿ ಆಗದ ಸಲಿಗೆ ಆ ಅಂಚಿನಲ್ಲಿ ಸಲೀಸಾಗಿ ನಡೆಯುತ್ತಿತ್ತು.

ಮಿಸೆಸ್ ಲ್ಯಾಟಿಮರ್ ಬಂದರು. ದಪ್ಪ ಕನ್ನಡಕ, ಮಳೆಕೋಟು, ಕೈಚೀಲದಲ್ಲಿ ಸ್ವಂತ ಟೀ ಪೊಟ್ಟಣ. ಗ್ರಂಥಾಲಯದ ಮೂಲೆಯ ಗಿಡ್ಡ ಮೇಜಿಗೆ ಮೊಣಕಾಲು ತಾಗಿಸಿಕೊಂಡು ಕೂತು, ತುಟಿ ಅಲ್ಲಾಡಿಸುತ್ತ ಓದಿದರು. ಮೊದಮೊದಲು ತಲೆದೂಗುತ್ತಿದ್ದವರು ಬರುಬರುತ್ತ ನಿಧಾನವಾದರು. ಒಂದು ಪುಸ್ತಕದಿಂದ ಇನ್ನೊಂದಕ್ಕೆ ಹೋಗಿ, ಹಿಂದಿನದಕ್ಕೆ ಮರಳಿದರು.

“ನಿಮ್ಮ ಕ್ಲಾಸಲ್ಲಿ ಎಲ್ಲರ ಎದೇಲೂ ಡೋಲು ಇದೆಯಲ್ಲಮ್ಮ,” ಎಂದರು ಕೊನೆಗೆ. “ಗುಹೆಗೆ ಹೋದವನಿಗೂ ಡೋಲು, ಬಸ್ಸು ತಪ್ಪಿದವಳಿಗೂ ಡೋಲು.”

ರೊವೀನಾ ನಗಲು ಹೋದಳು, ನಗು ಬರಲಿಲ್ಲ.

ಮಿಸೆಸ್ ಲ್ಯಾಟಿಮರ್ ಗದರುವ ಜಾತಿಯವರಲ್ಲ. ಉಳಿದ ಮಕ್ಕಳ ವಿಜ್ಞಾನ, ಚರಿತ್ರೆಯ ಪುಸ್ತಕಗಳಲ್ಲಿ ಮಕ್ಕಳೇ ತಾವಾಗಿ ಬರೆದ ಹಾಳೆಗಳು ಬೇಕಾದಷ್ಟು ಸಿಕ್ಕಿವೆ, ಅವರ ಬಗ್ಗೆ ತಕರಾರಿಲ್ಲ ಎಂದರು. ತೊಡಕಿರುವುದು ಈ ಸಗ್ಡೆನ್ ಹುಡುಗಿಯದು. ಅವಳ ಯಾವ ಪುಸ್ತಕದಲ್ಲೂ ಹಸಿರಿಲ್ಲದ ಹಾಳೆಯೇ ಇಲ್ಲ. ನಿಯಮ ಎಲ್ಲರಿಗೂ ಗೊತ್ತಿರುವುದೇ: ಮಗು ತಾನಾಗಿ ಬರೆದಿರಬೇಕು. ತಪ್ಪಿದೆ, ನೋಡಿಕೋ ಎನ್ನಬಹುದು. ಗೆಳೆಯರೊಡನೆ ಮಾತಾಡಿಕೊಳ್ಳಲಿ, ನಿಘಂಟು ನೋಡಲಿ, ಅಡ್ಡಿಯಿಲ್ಲ. ಏನು ಬರೆಯಬೇಕೆಂದು ಮೇಡಂ ತೋರಿಸಿಕೊಟ್ಟಿದ್ದರೆ ಅದು ಮೇಡಮ್ಮಿನ ಬರವಣಿಗೆ.

“ಇಷ್ಟೆಲ್ಲ ಕಷ್ಟಪಟ್ಟಿದೀರಿ,” ಎಂದು ಅವರು ಪುಸ್ತಕ ಮುಚ್ಚಿದರು. “ಇದರಲ್ಲಿ ನೀವು ಸಿಗ್ತೀರಿ, ಅವಳು ಸಿಗ್ತಿಲ್ಲ. ಮುಂದಿನ ವಾರದೊಳಗೆ ಅವಳದೇ ಒಂದು ಬರವಣಿಗೆ ತಂದುಕೊಡಿ, ನೋಡೋಣ.”

ಕೆಝಿಯಾಳನ್ನು ಅಷ್ಟು ಮುತುವರ್ಜಿಯಿಂದ ನೋಡಿಕೊಂಡದ್ದೇ ಆ ಹುಡುಗಿಗೆ ಮುಳುವಾಗಿತ್ತು. ಸ್ಟಾಫ್ ರೂಮಿನಲ್ಲಿ ರೊವೀನಾ ಬಿಸ್ಕತ್ತನ್ನು ಟೀಗೆ ಅದ್ದಿ, ಅದು ಕರಗಿ ತಳ ಸೇರಿದರೂ ಗಮನಿಸದೆ ಕೂತಿದ್ದಳು. ಮುಖ್ಯೋಪಾಧ್ಯಾಯ ಓಲ್ಡ್‌ರಾಯ್ಡ್ ಬಂದು ಎದುರಿಗೆ ಕೂತರು. ಆಸಾಮಿ ಕೆಟ್ಟವರಲ್ಲ. ಶಾಲೆಗೂ ಮಕ್ಕಳಿಗೂ ಒಳ್ಳೆಯದಾಗಬೇಕೆನ್ನುವವರೇ, ಹೇಗೆ ಆಯಿತೆಂದು ಹೆಚ್ಚು ಕೆದಕದವರು.

“ಅಲ್ಲಮ್ಮ ತಾಯಿ, ನಿನಗೆ ಪೆನ್ನಿನ ಚಟ ಯಾಕೆ?” ಎಂದರು. “ಪಕ್ಕದಲ್ಲಿ ಕೂತ್ಕೊ, ಮೆತ್ತಗೆ ಹೇಳು. ಬಾಯಿಗೆ ಮಸಿ ಇರಲ್ಲ.”

ಅವಳು ಎದ್ದು ಟೀ ಲೋಟ ತೊಳೆದಿಟ್ಟಳು. ಮನೆಗೆ ಹೋಗುವ ಬಸ್ಸಿನುದ್ದಕ್ಕೂ ಆ ಮಾತು ಜೊತೆಗೇ ಬಂತು. ಹೇಳಿಕೊಟ್ಟರೆ ಯಾರಿಗೂ ತಿಳಿಯುವುದಿಲ್ಲ, ಹುಡುಗಿಗೆ ಕಾರ್ನೆಟ್ ಉಳಿಯುತ್ತದೆ. ಹೇಳಿಕೊಡದಿದ್ದರೆ? ಕೆಝಿಯಾ ತಾನಾಗಿ ಏನು ಬರೆಯಬಲ್ಲಳು ಎಂಬುದು ವರ್ಷವಿಡೀ ಕಲಿಸಿದ ತನಗೆ ಗೊತ್ತೇ ಇಲ್ಲವೆನ್ನುವುದು ಆಗ ಅವಳಿಗೆ ಹೊಳೆಯಿತು. ಅವಮಾನವಾಯಿತು. ಬಾಯಲ್ಲಿ ಹೇಳಿಕೊಟ್ಟರೆ ಅದು ಇನ್ನು ಮುಂದೆಯೂ ಗೊತ್ತಾಗುವುದಿಲ್ಲ.

ಗುರುವಾರ ಅವಳು ತರಗತಿಗೆ ಒಂದೇ ಮಾತು ಹೇಳಿದಳು: ನಿಮಗೆ ಚೆನ್ನಾಗಿ ಗೊತ್ತಿರುವ ಒಂದು ಸಂಗತಿಯನ್ನು, ಅದರ ಗಂಧವೇ ಇಲ್ಲದವರಿಗೆ ತಿಳಿಯುವ ಹಾಗೆ ಬರೆಯಿರಿ. ಹೇಳಿ, ಹಸಿರು ಪೆನ್ನನ್ನು ಮೇಜಿನ ಖಾನೆಗೆ ಹಾಕಿದಳು.

ಸ್ವಲ್ಪ ಹೊತ್ತಿಗೆಲ್ಲ ಕೆಝಿಯಾ ಅಭ್ಯಾಸಬಲದಿಂದ ಮೇಜಿನ ಬಳಿ ಬಂದು ನಿಂತಳು. ಏನು ಬರೆಯಲಿ ಎಂದು ಕೇಳಿದಳು. ಅದು ನಿನ್ನಿಷ್ಟ ಎಂದಳು ರೊವೀನಾ. ಹುಡುಗಿ ಹೋದಳು, ಪೆನ್ಸಿಲ್ ಚೂಪು ಮಾಡಿದಳು, ಮತ್ತೆ ಬಂದಳು. ನೀರು ಕುಡಿದು ಬಂದಳು. ಗಂಟೆ ಹೊಡೆದಾಗ ಹಾಳೆಯ ಮೇಲೆ ತಾರೀಖಿತ್ತು, ಅದರ ಕೆಳಗೆ ನೇರವಾಗಿ ಎಳೆದ ಗೆರೆಯಿತ್ತು.

ಶುಕ್ರವಾರ ಒಂದು ವಾಕ್ಯ ಹುಟ್ಟಿತು. ಅದನ್ನು ಹಿಡಿದುಕೊಂಡು ಬಂದು ಕೆಝಿಯಾ ಮೇಜಿನ ಮೇಲಿಟ್ಟಳು. ‘ಬ್ಯಾಂಡ್ ಮೆರವಣಿಗೆಯ ದಿನ ನನ್ನ ಎದೆ ಡೋಲಿನಂತೆ ಬಡಿಯಿತು.’

ರೊವೀನಾ ತನ್ನದೇ ಮಾತನ್ನು ಓದಿದಳು. ಇದನ್ನು ಬಿಡು, ಅವತ್ತು ಮೊದಲು ಕಣ್ಣಿಗೆ ಬಿದ್ದದ್ದೇನು ಎಂದು ಕೇಳಿದರೆ ಸಾಕಿತ್ತು. ಕೇಳುವ ಮಾತು ನಾಲಿಗೆಯ ತುದಿಗೆ ಬಂದು ಕೂತಿತ್ತು. ಬಾಗಿಲು ಮುಚ್ಚಿತ್ತು, ಉಳಿದ ಮಕ್ಕಳು ತಲೆಬಗ್ಗಿಸಿ ಬರೆಯುತ್ತಿದ್ದರು.

“ಕೆಳಗೆ ಏನೂ ಬರೆಯಲ್ವಾ ಮಿಸ್?”

“ಇಲ್ಲ ಕೆಝಿಯಾ.”

“ಅಷ್ಟು ಕೆಟ್ಟದಾಗಿದ್ಯಾ? ನನ್ನ ಮೇಲೆ ಕೋಪಾನಾ?”

“ಕೋಪ ಇಲ್ಲ ಕಣಮ್ಮ. ಈ ಸಲ ನೀನೊಬ್ಬಳೇ ಬರೆದ್ರೆ ಮಾತ್ರ ಲೆಕ್ಕಕ್ಕೆ ಬರೋದು. ನಾನು ಬಾಯಿ ಹಾಕಿದ್ರೆ ಅದು ನಿನ್ನದಾಗಲ್ಲ. ಅದಕ್ಕೇ ಸುಮ್ಮನಿದೀನಿ.”

ಕೆಝಿಯಾ ಹಾಳೆ ತೆಗೆದುಕೊಂಡಳು. “ಹಂಗಾದ್ರೆ ಕಾರ್ನೆಟ್ ಹೋಯ್ತು ಬಿಡಿ,” ಎಂದು ಹೇಳಿ ಹಿಂದಿರುಗಿದಳು. ಆ ಮಾತಿನಲ್ಲಿ ಅಳುವಿರಲಿಲ್ಲ. ಅಳುವಿದ್ದಿದ್ದರೆ ರೊವೀನಾಗೆ ಸುಲಭವಾಗುತ್ತಿತ್ತೇನೋ. ಅವಳು ಕೈಗಳೆರಡನ್ನೂ ತೊಡೆಯ ಕೆಳಗೆ ಒತ್ತಿ ಹಿಡಿದು ಕೂತಳು.

ಕೆಝಿಯಾಳ ಪಕ್ಕದಲ್ಲಿ ಕೂರುವವಳು ಹುಮೈರಾ. ಬೇಕರಿಯವರ ಮಗಳು, ಮಾತಿನಲ್ಲಿ ಹಿಂದೆಮುಂದೆ ನೋಡದವಳು. ತನ್ನದು ಮುಗಿಸಿ, ಕೆಝಿಯಾಳ ಹಾಳೆಗೆ ಇಣುಕಿ, ಇದೇನು ಇಷ್ಟೇ ಎಂದು ಕೇಳಿದ್ದು ರೊವೀನಾಳ ಕಿವಿಗೂ ಬಿತ್ತು.

“ಏನು ಬರೀಬೇಕು ಅಂತ ಹೇಳ್ತಾನೇ ಇಲ್ಲ ಅವರು,” ಎಂದಳು ಕೆಝಿಯಾ.

“ದಿನಾ ಪೀಂ ಪೀಂ ಊದ್ತೀಯಲ್ಲ, ಅದನ್ನ ಯಾರಾದ್ರೂ ಹಸಿರು ಪೆನ್ನಲ್ಲಿ ಹೇಳಿಕೊಡ್ತಾರಾ?”

“ಅಜ್ಜ ಹೇಳಿಕೊಡಲ್ಲ. ಬೈತಾರೆ.”

“ಹಂಗಾದ್ರೆ ಬೈಗುಳಾನೇ ಬರಿ. ನಾನು ಓದ್ತೀನಿ. ನನಗಂತೂ ನಿಮ್ಮ ಬ್ಯಾಂಡಿನ ತಲೆಬುಡ ಗೊತ್ತಿಲ್ಲ.”

ಕೆಝಿಯಾ ಆ ಒಂದು ವಾಕ್ಯವನ್ನು ಹೊಡೆದುಹಾಕಿದಳು. ಸೋಮವಾರವೂ ಬರೆದಳು, ಮಂಗಳವಾರವೂ ಬರೆದಳು. ನಡುನಡುವೆ ಹುಮೈರಾ ಓದಿ, ಇದು ಗೊತ್ತಾಗಲಿಲ್ಲ, ಏರು ಅಂದ್ರೆ ಯಾವ ಏರು ಎಂದು ತಿವಿಯುತ್ತಿದ್ದಳು. ಗೆಳತಿಯರ ನಡುವಿನ ಮಾತಿಗೆ ನಿಯಮದ ಅಡ್ಡಿಯಿರಲಿಲ್ಲ. ಮೇಜಿನ ಬಳಿಗೆ ಮಾತ್ರ ಕೆಝಿಯಾ ಬರಲಿಲ್ಲ. ಬೆಳಿಗ್ಗೆ ಗುಡ್ ಮಾರ್ನಿಂಗ್ ಕೂಡ ಬೇರೆಲ್ಲೋ ನೋಡಿಕೊಂಡು ಹೇಳುತ್ತಿದ್ದಳು. ಆ ಎರಡು ದಿನ ರೊವೀನಾಗೆ ಬಲು ಉದ್ದವೆನ್ನಿಸಿದವು.

ಮಂಗಳವಾರ ಸಂಜೆ ಎಲ್ಲರೂ ಹೋದ ಮೇಲೆ ಅವಳು ಆ ಹಾಳೆಗಳನ್ನು ಎತ್ತಿಕೊಂಡಳು.

‘ನಡೆಯುತ್ತ ಊದುವಾಗ ಕಾಲು ನೋಡಬಾರದು. ಮುಂದಿನವರ ಕತ್ತು ನೋಡಬೇಕು. ನನ್ನ ಮುಂದೆ ಅಜ್ಜನ ಕತ್ತು ಇತ್ತು. ಅದು ಕೆಂಪಗಾದರೆ ಚರ್ಚಿನ ಏರು ಬಂತು ಎಂದರ್ಥ, ಆಗ ಉಸಿರು ಉಳಿಸಿಕೊಳ್ಳಬೇಕು. “ಊದೋಕೆ ಬಂದಿದೀಯೋ ವಾಕಿಂಗ್ ಬಂದಿದೀಯೋ?” ಎಂದು ಅಜ್ಜ ತಿರುಗದೆಯೇ ಬೈದರು. ಕಾರ್ನೆಟ್ಟಿನೊಳಗೆ ಉಗುಳು ನೀರು ತುಂಬುತ್ತದೆ. ಅದನ್ನು ಚೆಲ್ಲಲು ಪುಟ್ಟ ಮುಚ್ಚಳವಿದೆ. ನಾನು ಚೆಲ್ಲಿದೆ. ಅದು ರಸ್ತೆ ಬದಿ ನಿಂತಿದ್ದ ಹೆಂಗಸಿನ ಹೊಸ ಬೂಟಿನ ಮೇಲೆ ಬಿತ್ತು. ಕ್ಷಮಿಸಿ ಎನ್ನಬೇಕಿತ್ತು. ಅಷ್ಟರಲ್ಲಿ ಹಾಡಿನಲ್ಲಿ ನಾವು ಊದಬೇಕಾದ ಸಾಲು ಬಂತು, ನನ್ನ ಬಾಯಿ ಕಾರ್ನೆಟ್ಟಿಗೆ ಹೋಯಿತು.’

ಇನ್ನೂ ಇತ್ತು. ಮಧ್ಯದಲ್ಲಿ ಒಂದು ಕಡೆ ಬಿಡಿಬಿಡಿಯಾಗಿತ್ತು, ಕೊನೆ ಫಕ್ಕನೆ ನಿಂತುಹೋಗಿತ್ತು, ಕಾಗುಣಿತ ಅಲ್ಲಲ್ಲಿ ಎಡವಿತ್ತು. ಹಸಿರು ಮಸಿಯ ಹಾಳೆಗಳಷ್ಟು ನಯವಾಗಿರಲಿಲ್ಲ. ರೊವೀನಾ ಮಟ್ಟದ ಪಟ್ಟಿಯ ಒಂದೊಂದೇ ಅಂಶವನ್ನು ಹಿಡಿದು ತಾಳೆ ನೋಡಿದಳು. ಎಲ್ಲಿಯಾದರೂ ತನ್ನ ಆಸೆ ತಕ್ಕಡಿ ಒತ್ತುತ್ತಿದೆಯೇ ಎಂದು ಅನುಮಾನವಾಗಿ ಮೊದಲಿನಿಂದ ಮತ್ತೆ ನೋಡಿದಳು. ಮಟ್ಟ ಮುಟ್ಟಿತ್ತು. ಮೀರಿರಲಿಲ್ಲ, ಮುಟ್ಟಿತ್ತು.

ಮಾರನೆಯ ದಿನ ಶಾಲೆ ಬಿಟ್ಟ ಮೇಲೆ ಮಿಸೆಸ್ ಲ್ಯಾಟಿಮರ್ ಅವರ ಕಚೇರಿಗೆ ಹಾಳೆ ಒಯ್ದಳು. ಅವರು ತುಟಿ ಅಲ್ಲಾಡಿಸುತ್ತ ಓದಿದರು. ಬೂಟಿನ ಹತ್ತಿರ ಬಂದಾಗ ನಗು ತಡೆಯಲಾರದೆ ಕನ್ನಡಕ ತೆಗೆದು ಕಣ್ಣೊರೆಸಿಕೊಂಡರು. ಇದನ್ನು ಬರೆಯುವಾಗ ನೀವೇನು ಮಾಡುತ್ತಿದ್ದಿರಿ ಎಂದು ಕೇಳಿದರು. ಕೈಯ ಮೇಲೆ ಕೂತಿದ್ದೆ ಎಂದಳು ರೊವೀನಾ. ಅವರು ಇನ್ನೇನೂ ಕೇಳದೆ ಕೆಝಿಯಾಳ ಹೆಸರಿನ ಮುಂದೆ ಸಹಿ ಹಾಕಿದರು.

ಗುರುವಾರ ಆಟದ ಬಿಡುವಿನಲ್ಲಿ ರೊವೀನಾ ಕೆಝಿಯಾಳನ್ನು ತನ್ನ ಮೇಜಿನ ಬಳಿಗೆ ಕರೆದು, ಕಾರ್ನೆಟ್ ಎಲ್ಲೂ ಹೋಗಿಲ್ಲ, ಬರೆದದ್ದು ಲೆಕ್ಕಕ್ಕೆ ಬಂತು ಎಂದಳು. ಹುಡುಗಿ ಒಂದು ಗಳಿಗೆ ಅವಳ ಮುಖವನ್ನೇ ನೋಡಿದಳು. ಆಮೇಲೆ ಹಾಳೆ ಈಸಿಕೊಂಡು, ಹಿಂದೆ ಮುಂದೆ ತಿರುಗಿಸಿ, ಎಲ್ಲೂ ಹಸಿರಿಲ್ಲವೆಂದು ಖಾತರಿ ಮಾಡಿಕೊಂಡಳು.

ರೊವೀನಾ ಹಸಿರು ಪೆನ್ನಿದ್ದ ಖಾನೆಯ ಕಡೆ ಕೈ ಚಾಚಲಿಲ್ಲ. ಓದಿದಂದಿನಿಂದ ಮನಸ್ಸಿನಲ್ಲಿದ್ದದ್ದನ್ನು ಬಾಯಿಬಿಟ್ಟು ಕೇಳಿದಳು.

“ಆ ಬೂಟಿನ ಹೆಂಗಸು ಏನಂದ್ಲು?”

“ಅದು ಬರೆಯೋಂಥ ಮಾತಲ್ಲ ಮಿಸ್,” ಎಂದಳು ಕೆಝಿಯಾ. ಬಾಗಿಲ ಕಡೆ ಒಮ್ಮೆ ನೋಡಿ, ಹತ್ತಿರ ಬಂದು, ಮೇಡಮ್ಮಿನ ಕಿವಿಯಲ್ಲಿ ಹೇಳಿದಳು.