ಹತ್ತು ಪರ್ಸೆಂಟಿನ ಮಾಲಿಕ

"ನಿನ್ನ ಅಣ್ಣ ಅಲ್ಲಿ ಮಾಲಿಕ ಹುಡುಗೀ. ಮಾಲಿಕ ಸತ್ತರೆ ಪರಿಹಾರ ಯಾರ ಹತ್ರ ಕೇಳುವುದು? ಅವನ ಹತ್ರವೇ ಕೇಳು."

ಹೇಮರಾಜ ಧನಿಗಳು ತಮ್ಮ ಮಾತಿಗೆ ತಾವೇ ನಕ್ಕರು. ಅವರು ಅಳದಂಗಡಿಯ ಮನೆಯ ಜಗಲಿಯಲ್ಲಿ, ಕುರ್ಚಿಯ ಮೇಲೆ. ನಾನೂ ಅಮ್ಮನೂ ಅಂಗಳದ ಬಿಸಿಲಲ್ಲಿ. ಅಣ್ಣ ಲೋಕನಾಥ ಗಲ್ಫಿನ ಒಂದು ಆಸ್ಪತ್ರೆಯ ಶವಾಗಾರದಲ್ಲಿ ಮಲಗಿ ಅಂದಿಗೆ ಹನ್ನೊಂದು ದಿನ.

"ಪರಿಹಾರ ಬೇಡ ಧನಿಗಳೇ," ಅಮ್ಮ ಅಂದಳು. "ಅವನ ಮುಖ ಒಂದು ನೋಡ್ಬೇಕು."

"ಅದಕ್ಕೇ ಅಲ್ವಾ ಕುಸುಮ ನಿನ್ನನ್ನು ಕರೆಸಿದ್ದು? ಈ ಕಾಗದಕ್ಕೆ ಇಬ್ಬರೂ ಸೈನ್ ಹಾಕಿ, ಶುಕ್ರವಾರ ಹೆಣ ಮಂಗಳೂರಿಗೆ ಬರ್ತದೆ. ಓದುವುದು ಗೀದುವುದು ಅಂತ ಕೂತರೆ ಅಲ್ಲಿಯೇ ಹೂಳ್ತಾರೆ. ನಿನ್ನ ಮಗಳಿಗೆ ಡಿಗ್ರಿ ಆದದ್ದು ಗೊತ್ತುಂಟು, ಅದನ್ನು ನನ್ನ ಹತ್ರ ತೋರಿಸುವುದು ಬೇಡ."

ಕಾಗದವನ್ನು ನೆಲದ ಮೇಲಿಟ್ಟು ಕಾಲಿನಿಂದ ಜಗಲಿಯ ಅಂಚಿಗೆ ತಳ್ಳಿದರು.

ಮೂರು ವರ್ಷದ ಹಿಂದೆ ಇವರು ಕೊಟ್ಟ ಕಾಗದ ಓದಿದ್ದೂ ನಾನೇ. ಅಣ್ಣ ಆಗ ಮೂಡಬಿದಿರೆಯ ಲಾಂಡ್ರಿಯೊಂದರಲ್ಲಿ ಇಸ್ತ್ರಿ ಹಾಕುತ್ತಿದ್ದ. ಗಲ್ಫಿನಲ್ಲಿ ದೊಡ್ಡ ಲಾಂಡ್ರಿ ತೆರೆದ ಧನಿಗಳು ಅವನ ಹೆಸರಿಗೊಂದು ಕೆಲಸದ ಪರವಾನಗಿ ತರಿಸಿದರು. ಕೂಲಿಯವರದ್ದಲ್ಲ. ಆ ದೇಶಕ್ಕೆ ಬಂದು ವ್ಯಾಪಾರ ನಡೆಸುವ ಹೊರಗಿನ ಉದ್ಯಮಿಗಳಿಗೆ ಕೊಡುವಂಥದ್ದು. ನಮ್ಮ ಕಾಲನಿಯಲ್ಲಿ ಇಂಗ್ಲಿಷ್ ಓದಬಲ್ಲವಳು ನಾನೊಬ್ಬಳು. ಜೊತೆಗಿದ್ದ ಕರಾರಿನಲ್ಲಿ 'ಪಾಲುದಾರ, ಶೇಕಡಾ ಹತ್ತು' ಎಂಬಲ್ಲಿಗೆ ಬಂದದ್ದೇ ಹಿಗ್ಗಿನಲ್ಲಿ ಕಾಗದ ಮಡಚಿಬಿಟ್ಟೆ. ಉಳಿದ ಎರಡು ಪುಟ ಓದಲೇ ಇಲ್ಲ.

"ಅಣ್ಣ, ನೀನೀಗ ಅವರಿಗೆ ಸಮ," ಎಂದುಬಿಟ್ಟೆ.

ತಲೆಮಾರುಗಳಿಂದ ಆ ಮನೆಯ ಗದ್ದೆಯಲ್ಲಿ ಬಗ್ಗಿ ನಡೆದ ನಾವು ಅಂದು ಕಾಲನಿಗೆಲ್ಲ ಮೈಸೂರುಪಾಕು ಹಂಚಿದೆವು. "ಇನ್ನು ನನ್ನನ್ನು ಧನಿಗಳೇ ಅಂತ ಕರಿ ಮಾರಾಯ್ತಿ," ಎಂದು ಅಣ್ಣ ನನ್ನ ತಲೆಗೆ ಮೊಟಕಿದ್ದ.

ಅಲ್ಲಿ ದಿನಕ್ಕೆ ಹದಿನಾರು ಗಂಟೆ ಇಸ್ತ್ರಿ. ಪಾಸ್‌ಪೋರ್ಟು ಧನಿಗಳ ಮಗ ಯಶ್‌ನ ಕಪಾಟಿನಲ್ಲಿ. ಒಮ್ಮೆ ಅಣ್ಣ ಹೇಗೋ ತಪ್ಪಿಸಿಕೊಂಡು ಕಾರ್ಮಿಕರ ಕಚೇರಿಗೆ ಹೋದ. ಪರವಾನಗಿ ನೋಡಿದ ಅಧಿಕಾರಿ, ಮಾಲಿಕರ ದೂರನ್ನು ಇಲ್ಲಿ ತೆಗೆದುಕೊಳ್ಳುವುದಿಲ್ಲವೆಂದು ವಾಪಸು ಕಳಿಸಿದ. ಅಂದು ಫೋನಿನಲ್ಲಿ ಅಣ್ಣ ಮೆಲ್ಲಗೆ ಕೇಳಿದ:

"ಹರಿಣಾ, ನೀನು ಓದಿದ್ದು ಸರಿ ಉಂಟಲ್ಲ? ಇನ್ನೊಮ್ಮೆ ನೋಡ್ತೀಯಾ?"

ಕರಾರಿನ ಪ್ರತಿ ತೆಗೆದು ಆ ಎರಡು ಪುಟ ಓದಿದೆ: ಪಾಲುದಾರನಿಗೆ ಕೂಲಿಯವರ ಹಕ್ಕಿಲ್ಲ, ಅವಘಡವಾದರೆ ಹೊಣೆಯೂ ಅವನದ್ದೇ. ಓದಿದ ಮೇಲೂ, "ಸರಿ ಉಂಟಣ್ಣ," ಎಂದೆ.

ಈಗ ಬಾವಿಯಿಂದ ನೀರು ಸೇದುವಾಗ, ಬಂಟ್ವಾಳದ ಬಸ್ಸಿನಲ್ಲಿ ಕಿಟಕಿಗೆ ಒರಗಿದಾಗ, ಬೆನ್ನ ಹಿಂದೆ ಅದೇ ಪ್ರಶ್ನೆ. ಒದ್ದೆ ಬಟ್ಟೆಯ ಮೇಲೆ ಕಾದ ಇಸ್ತ್ರಿ ಇಟ್ಟ ವಾಸನೆಯೂ ಜೊತೆಗೆ ಬರುತ್ತದೆ. ತಿರುಗಿದರೆ ಯಾರೂ ಇರುವುದಿಲ್ಲ.

ಜಗಲಿಯ ಅಂಚಿನಿಂದ ಕಾಗದ ಎತ್ತಿಕೊಂಡೆ. ಈ ಸಲ ಕೊನೆಯ ಸಾಲಿನವರೆಗೂ ಓದಿದೆ.

"ಎಂತ ಉಂಟು ಅದರಲ್ಲಿ?" ಅಮ್ಮ ಕೇಳಿದಳು.

"ಬಾಯ್ಲರ್ ಹಾಳಾದದ್ದು ಅಣ್ಣನಿಗೆ ಗೊತ್ತಿತ್ತಂತೆ. ಮಾಲಿಕನಾಗಿ ಅವ ರಿಪೇರಿ ಮಾಡಿಸಲಿಲ್ಲವಂತೆ. ಅದು ಒಡೆದು ಅವನೊಟ್ಟಿಗೆ ಸತ್ತ ಸೆಲ್ವಂ, ರಫೀಕ್, ಇಬ್ಬರ ಸಾವಿಗೂ ಅವನೇ ಕಾರಣ ಅಂತ ನಾವು ಬರೆದು ಕೊಡ್ಬೇಕು."

"ಬಾಯ್ಲರ್ ಸೋರ್ತದೆ ಅಂತ ಯಶ್‌ನ ಹತ್ರ ನಾಲ್ಕು ಸಲ ಹೇಳಿದ್ದಾನೆ ನನ್ನ ಮಗ," ಅಮ್ಮ ಧನಿಗಳ ಕಡೆ ನೋಡಿದಳು. "ಆ ಸೆಲ್ವಂ ಫೋನಿನಲ್ಲಿ ನನ್ನನ್ನು ಅಮ್ಮ ಅಂತಿದ್ದ."

ಧನಿಗಳು ಎದ್ದು ನಿಂತರು. "ಬೇವರ್ಸಿಗಳಾ, ಹೆಣ ತರಿಸಿ ಕೊಡುವ ಅಂದರೆ ನನ್ನ ಹತ್ರವೇ ವಕೀಲಿಕೆ ಮಾಡ್ತೀರಾ? ಸತ್ತವನನ್ನು ಯಾರು ಜೈಲಿಗೆ ಹಾಕ್ತಾರೆ? ಹಾಕು ಸೈನ್."

"ಅಮ್ಮಾ," ಎಂದೆ. "ಆವತ್ತು ನಾನು ಪೂರ್ತಿ ಓದಿರಲಿಲ್ಲ."

ಅಮ್ಮ ನನ್ನನ್ನು ನೋಡಲಿಲ್ಲ. ಕಾಗದವನ್ನು ನನ್ನ ಕೈಯಿಂದ ತೆಗೆದು ಮೊದಲಿದ್ದಲ್ಲಿಗೇ ಇಟ್ಟಳು.

"ಹೆಣ ನೀವೇ ಇಟ್ಕೊಳ್ಳಿ ಧನಿಗಳೇ. ನಿಮ್ಮ ಪಾಲುದಾರ ಅಲ್ವಾ?"

ಹೆಣ ಬರಲಿಲ್ಲ. ಅಲ್ಲಿಯೇ ಹೂಳಿದರೆಂದು ಯಾರೋ ಹೇಳಿ ಕಳಿಸಿದರು.

ಉತ್ತರಕ್ರಿಯೆಯ ಬೊಜ್ಜದ ದಿನ ಸತ್ತವರಿಗೆ ಬಡಿಸಿ, ಹೆಸರು ಹಿಡಿದು ಕರೆದು, ಬಾಗಿಲು ಮುಚ್ಚಿ ಹೊರಗೆ ನಿಲ್ಲುವುದು ನಮ್ಮ ಕ್ರಮ. ಸ್ವಲ್ಪ ಹೊತ್ತಿನ ಮೇಲೆ ಬಾಗಿಲು ಬಡಿದರೆ ಸತ್ತವರು ಉಂಡು ಎದ್ದು ಹೋಗುತ್ತಾರೆ, ನಾವು ಒಳಗೆ ಹೋಗುತ್ತೇವೆ. ಸೋದರಮಾವ ತುಕ್ರಪ್ಪ ಒಳಕೋಣೆಯಲ್ಲಿ ಒಂದು ಬಾಳೆಲೆ ಹಾಕಿದರು. ಅಮ್ಮ ಅದರ ಪಕ್ಕದಲ್ಲಿ ಇನ್ನೆರಡು ಹಾಕಿದಳು.

"ಎಂತದು ಕುಸುಮ? ಅವರು ಯಾವ ಜಾತಿಯೋ, ಯಾವ ದೇಶದವರೋ. ನಾವು ಕರೆದರೆ ಬರ್ತಾರಾ?"

"ಒಟ್ಟಿಗೆ ಬೆಂದವರು. ಒಟ್ಟಿಗೇ ಉಣ್ಲಿ."

ಕರೆಯಲು ಅಮ್ಮ ನನ್ನನ್ನೇ ಮುಂದೆ ತಳ್ಳಿದಳು. ಮೂರು ಹೆಸರನ್ನೂ ಕರೆದು ಬಾಗಿಲು ಮುಚ್ಚಿದೆ. ಹೊತ್ತು ಹೋಯಿತು.

"ಅನ್ನ ಆರಿತು ಮಗಾ, ಬಾಗಿಲು ಬಡಿ," ಮಾವ ಎರಡು ಸಲ ಹೇಳಿದರು.

ನನ್ನ ಕೈ ಏಳಲಿಲ್ಲ. ಒಳಗೆ ಯಾರೋ ಇನ್ನೂ ನನ್ನ ಉತ್ತರಕ್ಕೆ ಕಾದು ಎಲೆಯ ಮುಂದೆ ಕೂತೇ ಇದ್ದಾರೆ, ತುತ್ತು ಎತ್ತಿಲ್ಲ ಎನ್ನಿಸುತ್ತಿತ್ತು. ಅಂಗಳದಲ್ಲಿ ಕಾಲನಿಯವರೆಲ್ಲ ನಿಂತೇ ಇದ್ದರು.